ಹನ್ನೊಂದು ತಿಂಗಳು ಮಲಗುವ ಗರಗಸ



ಇಂದಿನ ಮಾತು ಒಂದು ಯಂತ್ರದ ಕುರಿತು. ಅದರ ಹೆಸರು ಚೈನ್ ಸಾ. ಮಲೆನಾಡಿನವರಿಗೂ ಕೊಡಗಿನ ತೋಟದವರಿಗೂ ಇದು ಹೊಸದೇನಲ್ಲ. ಪುಣೆಯ ಫ್ಲ್ಯಾಟಿನಲ್ಲಿರುವ ನಮಗೆ ಇದೇಕೆ ಎಂದು ನೀವು ಕೇಳಬಹುದು. ಆದರೆ ಬೆಂಗಳೂರು ಹೆದ್ದಾರಿಯಲ್ಲಿ ಹೋಗಿ, ಕಾಪೂರಹೋಳದಲ್ಲಿ ಬಲಕ್ಕೆ ತಿರುಗಿ, ಭೋರ್ ತಾಲೂಕಿನಲ್ಲಿ ಹತ್ತಿಪ್ಪತ್ತು ಗುಂಟೆ ಜಾಗ ಮಾಡಿಕೊಂಡವರು ನಮ್ಮ ನಡುವೆ ಇದ್ದಾರೆ. ಒಂದು ಪುಟ್ಟ ಮನೆ, ನಾಲ್ಕು ಮಾವು, ಬೇಲಿಗೆ ಗ್ಲಿರಿಸಿಡಿಯಾ. ಭೋರಿನಿಂದ ವರಂಧಾ ಘಾಟಿನತ್ತ ಹೋದಷ್ಟೂ ಮಳೆ ಜೋರು. ಮಳೆಗಾಲದ ಒಂದು ರಾತ್ರಿ ಗಾಳಿ ಬೀಸಿತೆಂದರೆ ಬೆಳಗ್ಗೆ ಗೇಟಿಗೆ ಅಡ್ಡಲಾಗಿ ಕೊಂಬೆ ಬಿದ್ದಿರುತ್ತದೆ.

ಇಂಥವರಿಗೆ ಯಂತ್ರ ಬೇಕಾಗುವುದು ವರ್ಷಕ್ಕೆ ಮೂರು ನಾಲ್ಕು ದಿನ. ಉಳಿದ ಕಾಲವೆಲ್ಲ ಅದು ಮೂಲೆಯಲ್ಲಿ ಮಲಗಿರುತ್ತದೆ. ಹಾಗಾಗಿ ಮನೆ ಮಟ್ಟಿಗೆ ನಂಬಿಕಸ್ತ ಯಂತ್ರವೆಂದರೆ ದೊಡ್ಡ ಶಕ್ತಿಯದ್ದಲ್ಲ. ಹನ್ನೊಂದು ತಿಂಗಳು ಮಲಗಿದ್ದು, ಬೇಕಾದ ದಿನ ಎದ್ದು ನಿಲ್ಲುವಂಥದ್ದು. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಚೈನ್ ಸಾಗಳಲ್ಲಿ ಮೂರು ಬಗೆ. ಮೊದಲನೆಯದು ವೈರಿನದು. ಬೆಲೆ ಕಡಿಮೆ, ಆರೈಕೆಯೂ ಕಡಿಮೆ, ವರ್ಷಗಟ್ಟಲೆ ಮಲಗಿದರೂ ತಕರಾರಿಲ್ಲ. ಆದರೆ 2000 ವ್ಯಾಟಿನ ಯಂತ್ರ ಸುಮಾರು 9 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಅರ್ತ್ ಇರುವ 16 ಆಂಪಿಯರಿನ ಸಾಕೆಟ್ ಮತ್ತು ದಪ್ಪ ತಂತಿಯ ಎಕ್ಸ್‌ಟೆನ್ಷನ್ ಬೇಕು. ಇನ್ನೊಂದು ಮಾತು: ಮರ ಬಿದ್ದ ದಿನವೇ ಕರೆಂಟೂ ಹೋಗಿರುತ್ತದೆ! ಮಳೆ ಸುರಿಯುವಾಗಂತೂ ಇದನ್ನು ಹೊರಗೆ ತರಲೇಬಾರದು.

ಎರಡನೆಯದು ಬ್ಯಾಟರಿಯದು. ಗುಂಡಿ ಒತ್ತಿದರೆ ಶುರು, ಸದ್ದು ಕಡಿಮೆ. ತೋಳಿನ ಗಾತ್ರದ ಕೊಂಬೆಗಳಿಗೆ ಧಾರಾಳ ಸಾಕು. ಬ್ಯಾಟರಿಯನ್ನು ಪೂರ್ತಿ ಖಾಲಿಯಾಗಿಯೂ ಇಡಬಾರದು, ತಿಂಗಳುಗಟ್ಟಲೆ ಪೂರ್ತಿ ತುಂಬಿಯೂ ಇಡಬಾರದು. ಅರ್ಧ ಚಾರ್ಜಿನಲ್ಲಿ ತಂಪಾದ ಕಡೆ ಇಟ್ಟು, ಮಳೆಗಾಲ ಹತ್ತಿರವಾದಾಗ ತುಂಬಿಸಿಕೊಳ್ಳಿ. ವಾರಾಂತ್ಯಕ್ಕೆ ಹೋಗಿಬರುವವರು ಪುಣೆಯ ಮನೆಯಲ್ಲೇ ಚಾರ್ಜ್ ಮಾಡಿಕೊಂಡು ಒಯ್ಯಬಹುದು.

ಮೂರನೆಯದು ಪೆಟ್ರೋಲಿನದು. ಎಲ್ಲಿಗೆ ಬೇಕಾದರೂ ಒಯ್ಯಬಹುದು, ದಪ್ಪ ಕಾಂಡಕ್ಕೂ ಜಗ್ಗುವುದಿಲ್ಲ. ಆದರೆ ಮಲಗಿದಾಗ ಕೆಡುವುದು ಇದೇ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಹಳತಾಗಿ ಕಾರ್ಬುರೇಟರಿನಲ್ಲಿ ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಎಷ್ಟು ಎಥನಾಲ್ ನಡೆಯುತ್ತದೆ ಎಂದು ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಆಮೇಲೆ ಎತ್ತಿಡಿ. ಟೂ ಸ್ಟ್ರೋಕ್ ಆಯಿಲನ್ನು ಕೈಪಿಡಿ ಹೇಳಿದ ಪ್ರಮಾಣದಲ್ಲೇ ಬೆರೆಸಿ. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿ ಲೀಟರ್.

ಗಾತ್ರದ ವಿಚಾರಕ್ಕೆ ಬರೋಣ. ಆನ್‌ಲೈನಿನಲ್ಲಿ 58 ಸಿಸಿ, 22 ಇಂಚು ಎಂದು ಅಗ್ಗದ ಬೆಲೆಗೆ ಆಸೆ ಹುಟ್ಟಿಸುವ ಯಂತ್ರಗಳಿವೆ. ಮನೆಗೆ ಅಷ್ಟು ಬೇಡ. 30ರಿಂದ 35 ಸಿಸಿ, 12ರಿಂದ 14 ಇಂಚಿನ ಬಾರ್ ಸಾಕು. ಉದ್ದದ ಬಾರ್ ಅನುಭವವಿಲ್ಲದ ಕೈಯಲ್ಲಿ ಅಪಾಯ.

ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು ಬಿಡಿಭಾಗ ಕೇಳಿ. ಚೈನ್, ಬಾರ್, ಸ್ಟಾರ್ಟರ್ ಹಗ್ಗ, ಕಾರ್ಬುರೇಟರ್ ಕಿಟ್ ಇಲ್ಲೇ ಸಿಗುತ್ತವೆಯೇ? ರಿಪೇರಿ ಮಾಡುವವರು ಯಾರು? ಉತ್ತರ ತಡವರಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ಬಳಿಕ ಅಲ್ಲೇ ಶುರು ಮಾಡಿಸಿ. ಆಕ್ಸಲರೇಟರ್ ಬಿಟ್ಟಾಗ ಚೈನ್ ನಿಲ್ಲಬೇಕು. ಮುಂದಿನ ಕೈಕಾಪನ್ನು ದೂಡಿದರೆ ಬ್ರೇಕ್ ತಟ್ಟನೆ ಹಿಡಿಯಬೇಕು. ಬಾರಿನ ತುದಿಯನ್ನು ರಟ್ಟಿನ ಮೇಲೆ, ತಾಗಿಸದೆ, ಹಿಡಿದು ಓಡಿಸಿದರೆ ಎಣ್ಣೆಯ ಗೆರೆ ಮೂಡಬೇಕು. ಆ ಎಣ್ಣೆಯ ಜಾಗಕ್ಕೆ ಗಾಡಿಯ ಹಳೆ ಎಂಜಿನ್ ಆಯಿಲ್ ಸುರಿಯಬೇಡಿ. ಅದರಲ್ಲಿರುವ ಲೋಹದ ಪುಡಿ ಬಾರನ್ನೇ ತಿನ್ನುತ್ತದೆ.

ಒಂದು ಸ್ವಾರಸ್ಯ. ಅಮೆರಿಕದ ಒರೆಗಾನಿನ ಜೋಸೆಫ್ ಕಾಕ್ಸ್ 1946ರಲ್ಲಿ ಮರ ಕೊರೆಯುವ ಹುಳುವೊಂದು ಎಡಕ್ಕೂ ಬಲಕ್ಕೂ ಕೊರೆಯುತ್ತ ಸಾಗುವುದನ್ನು ಗಮನಿಸಿ, ಅದರ ದವಡೆಯಂತೆ ಚೈನಿನ ಹಲ್ಲು ರೂಪಿಸಿದರು. ಇಂದಿನ ಚೈನ್‌ಗಳಿಗೆ ಅದೇ ಮೂಲ. ಹಲ್ಲು ಹರಿತವಿದ್ದರೆ ಚಕ್ಕೆ ಉದುರುತ್ತದೆ. ಬರೀ ಹಿಟ್ಟು ಉದುರಿದರೆ ಅರ ಹಿಡಿಯುವ ಹೊತ್ತಾಯಿತು ಎಂದರ್ಥ. ಮೊಂಡು ಚೈನನ್ನು ಒತ್ತಿ ಕೊಯ್ಯಹೊರಟರೆ ಕೈ ಜಾರುತ್ತದೆ.

ಬಾರಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಮುಖದತ್ತ ಚಿಮ್ಮುತ್ತದೆ. ಆದ್ದರಿಂದ ಎರಡೂ ಕೈ ಬಿಗಿಯಾಗಿರಲಿ. ಹೆಗಲಿಗಿಂತ ಮೇಲೆ ಎತ್ತಬೇಡಿ. ಏಣಿ ಹತ್ತಿ ಕೊಯ್ಯಬೇಡಿ. ಒಬ್ಬರೇ ಇದ್ದಾಗ ಮುಟ್ಟಬೇಡಿ. ಹೆಲ್ಮೆಟ್, ಕನ್ನಡಕ, ಕಿವಿಮುಚ್ಚಳ, ಬೂಟು, ಕಾಲಿಗೆ ಕಾಪು ಇವುಗಳ ಖರ್ಚನ್ನೂ ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಕೊಂಬೆಯ ಜೊತೆ ವಿದ್ಯುತ್ ತಂತಿ ಬಿದ್ದಿದ್ದರೆ ಹತ್ತಿರ ಹೋಗದೆ ಮಹಾವಿತರಣಕ್ಕೆ ಫೋನ್ ಮಾಡಿ.

ಬಿದ್ದ ಕೊಂಬೆಯ ಮಾತು ಬೇರೆ, ನಿಂತ ಮರದ ಮಾತು ಬೇರೆ. ಮಹಾರಾಷ್ಟ್ರದ 1964ರ ಕಾಯ್ದೆಯಂತೆ ಮಾವು, ಹಲಸು, ಹುಣಸೆ, ನೇರಳೆ, ತೇಗದಂಥ ಮರಗಳನ್ನು ಸ್ವಂತ ಜಮೀನಿನಲ್ಲಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಅನುಮತಿ ಸಿಕ್ಕರೂ ನಿಂತ ಮರ ಉರುಳಿಸುವುದು ಪಳಗಿದವರ ಕೆಲಸ. ಕೂಲಿ ಕೊಟ್ಟು ಅವರಿಂದಲೇ ಮಾಡಿಸಿ.

ಕೊನೆಗೆ ನನ್ನ ಲೆಕ್ಕ ಇಷ್ಟು: ಕೊಂಬೆ ಸವರಲು ಬ್ಯಾಟರಿಯದು, ಸೌದೆಗೆ ದಪ್ಪ ದಿಮ್ಮಿ ತುಂಡು ಮಾಡುವವರಿಗೆ ಚಿಕ್ಕ ಪೆಟ್ರೋಲಿನದು. ವರ್ಷಕ್ಕೆ ಒಂದೇ ದಿನದ ಕೆಲಸವಿದ್ದರೆ ಯಂತ್ರವೇ ಬೇಡ, ಒಂದು ಒಳ್ಳೆಯ ಕೈಗರಗಸ ಸಾಕು. ಅದಕ್ಕೆ ಪೆಟ್ರೋಲೂ ಬೇಡ, ಕರೆಂಟೂ ಬೇಡ.