ಐದು ವಾಟಿನ ದನಿ



ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ವಾಟು, ಓಮ್ ಎಂದು ಮಾತಿಗೆ ತೊಡಗಿದರೆ ತಮಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣಳಾದವಳು ನನ್ನ ಅಕ್ಕ.

1984ರಲ್ಲಿ, ಔರಾದ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅವ್ವನನ್ನು ಬೀಸುಕಲ್ಲಿನ ಮುಂದೆ ಕೂರಿಸಿ, ಆಕೆ ಹಾಡಿದ ಏಳೆಂಟು ಪದಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದೆ. ಊರಿಗೆ ಗಿರಣಿ ಬಂದು ವರ್ಷಗಳಾಗಿದ್ದವು. ನನ್ನ ಒತ್ತಾಯಕ್ಕೆಂದೇ ಅವ್ವ ಎರಡು ಸೇರು ಜೋಳ ಬೀಸಿದಳು. ಆಕೆ ತೀರಿಕೊಂಡ ಮೇಲೆ ಅದನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಕಳೆದ ವರ್ಷ ಅಕ್ಕ ಬೀದರಿಗೆ ಬಂದಳು. ಎಂಬತ್ತು ದಾಟಿದ ಜೀವ, ಕಿವಿಯೂ ತುಸು ಮಂದ. ಇನ್ನು ತಡಮಾಡಬಾರದೆಂದು ಚೌಬಾರಾದ ಬಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಎಲ್ಲವನ್ನೂ ಅಣಿಗೊಳಿಸಿದೆ.

ಆಂಪ್ಲಿಫೈಯರ್ ನನ್ನಲ್ಲಿತ್ತು. ಭಾಲ್ಕಿಯ ಪೇಟೆಯಲ್ಲಿ ಬಹುಕಾಲ ರೇಡಿಯೋ ರಿಪೇರಿ ಮಾಡುತ್ತಿದ್ದ ಗೆಳೆಯರು ಕೂಡಿಸಿಕೊಟ್ಟದ್ದು. ಎಡಕ್ಕೊಂದು, ಬಲಕ್ಕೊಂದು ಇಎಲ್ 84 ವಾಲ್ವು, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಹಳೆಯ ಸರಕು. ಒಂದೊಂದು ಬದಿಗೆ ಹೆಚ್ಚೆಂದರೆ ಐದು ವಾಟು. ಸ್ಪೀಕರುಗಳು ಹೊಸವು, ಮಗ ಹೈದರಾಬಾದಿನಿಂದ ತಂದ, ಪುಸ್ತಕದ ಕಪಾಟಿನಲ್ಲಿ ಅಡಗಿ ಕೂರುವಂಥ ಪುಟ್ಟ ಪೆಟ್ಟಿಗೆಗಳು.

ಕ್ಯಾಸೆಟ್ಟು ತಿರುಗಿತು. ಅವ್ವನ ದನಿ ಎಲ್ಲೋ ಗೋಡೆಯಾಚೆಯಿಂದ ಬಂದಂತಿತ್ತು. ಅಕ್ಕನಿಗೆ ಕೇಳಿಸಲಿ ಎಂದು ತಿರುಪನ್ನು ಏರಿಸಿದೆ. ಪದ ಮೇಲಕ್ಕೆ ಹತ್ತುವ ಕಡೆಗಳಲ್ಲೆಲ್ಲ ದನಿ ಒಡೆದು ತಗಡಿನಂತಾಯಿತು. ಅಕ್ಕ ಸ್ವಲ್ಪ ಹೊತ್ತು ಕೇಳಿ, “ಇದು ಅವ್ವನ ದನಿ ಅಲ್ಲೊ ತಮ್ಮಾ, ಯಾರೋ ಬ್ಯಾರೆ ಹೆಣ್ಮಗಳದ್ದು” ಎಂದು ಎದ್ದುಹೋದಳು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕ್ಯಾಸೆಟ್ಟು ಕೆಟ್ಟಿದೆಯೆಂದೇ ತಿಳಿದೆ. ಕೆಟ್ಟಿದ್ದರೆ ಮತ್ತೊಂದು ಪ್ರತಿ ಎಲ್ಲಿಯದು? ಬೆಳಿಗ್ಗೆ ಭಾಲ್ಕಿಗೆ ಹೋಗಿ, ಆಂಪ್ಲಿಫೈಯರನ್ನು ಗೆಳೆಯರ ಮುಂದಿಟ್ಟು ದೂರಿದೆ. ಅವರು ಅದನ್ನು ತೆರೆಯಲೂ ಇಲ್ಲ. ಸ್ಪೀಕರ್ ಯಾವುದೆಂದು ಕೇಳಿ ತಿಳಿದು, “ಎತ್ತು ಸಣ್ಣದಲ್ಲ ಸರ, ಬಂಡಿ ಭಾರ ಆಗ್ಯಾದ” ಎಂದರು.

ಆ ಮಾತಿನ ಹಿಂದಿನ ಲೆಕ್ಕ ಇಷ್ಟು. ಸ್ಪೀಕರಿಗೆ ಒಂದು ವಾಟು ಶಕ್ತಿ ಕೊಟ್ಟು, ಒಂದು ಮೀಟರ್ ದೂರದಲ್ಲಿ ನಿಂತು ಅಳೆದರೆ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆಂಬುದು ಅದರ ಸಂವೇದನೆಯ ಅಳತೆ. ನನ್ನ ಪುಟ್ಟ ಪೆಟ್ಟಿಗೆಗಳ ಜೊತೆ ಬಂದ ಕಾಗದದಲ್ಲಿ 85 ಎಂದು ಅಚ್ಚಾಗಿತ್ತು. ಶಕ್ತಿಯನ್ನು ಇಮ್ಮಡಿಗೊಳಿಸಿದರೂ ಹೆಚ್ಚುವುದು ಮೂರೇ ಡೆಸಿಬೆಲ್; ಹತ್ತು ಡೆಸಿಬೆಲ್ ಹೆಚ್ಚಬೇಕಾದರೆ ಹತ್ತುಮಡಿ ಶಕ್ತಿ ಬೇಕು. ಎಂದರೆ 95 ಡೆಸಿಬೆಲ್ಲಿನ ಸ್ಪೀಕರಿನಲ್ಲಿ ಐದು ವಾಟು ಮಾಡುವ ಕೆಲಸಕ್ಕೆ 85ರದ್ದು ಐವತ್ತು ವಾಟು ಬೇಡುತ್ತದೆ. ಹಾಡುವ ದನಿ ಒಂದೇ ಮಟ್ಟದಲ್ಲಿ ನಿಲ್ಲುವುದೂ ಇಲ್ಲ. ಏರುದನಿಯಲ್ಲಿ ಕ್ಷಣಮಾತ್ರ ಹತ್ತುಮಡಿ ಶಕ್ತಿಯನ್ನು ಕೇಳೀತು. ಅದನ್ನು ಕೊಡಲಾರದ ವಾಲ್ವು ಅಲೆಯ ನೆತ್ತಿಯನ್ನು ಕತ್ತರಿಸಿಬಿಡುತ್ತದೆ. ಅವ್ವನ ದನಿ ಒಡೆದದ್ದು ಅಲ್ಲಿ.

ಇದನ್ನು ನಾವು ಬಾಲ್ಯದಲ್ಲೇ ಕಣ್ಣಾರೆ ಕಂಡಿದ್ದೆವು, ತಿಳಿದಿರಲಿಲ್ಲ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ಬೇವಿನ ಮರಕ್ಕೆ ಎರಡು ಭೋಂಗಾ ಕಟ್ಟಿದರೆ ಹೊಲದಲ್ಲಿದ್ದವರಿಗೂ ಹಾಡು ಮುಟ್ಟುತ್ತಿತ್ತು. ಅದರ ಹಿಂದಿದ್ದ ಆಂಪ್ಲಿಫೈಯರು ಇಂದಿನ ಮದುವೆಯ ಡೀಜೆಗಳ ಮುಂದೆ ಹುಲ್ಲುಕಡ್ಡಿ. ಭೋಂಗಾದ ಗಂಟಲು ತನ್ನ ಪುಟ್ಟ ಪೊರೆಯ ಕಂಪನವನ್ನು ಪೋಲಾಗಗೊಡದೆ ಗಾಳಿಗೆ ದಾಟಿಸುತ್ತದೆ. ಮಂದ್ರಸ್ವರ ಮಾತ್ರ ಅದಕ್ಕೆ ಒಗ್ಗದು. 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ ಮೇಲೆ ನಮ್ಮೂರ ಕಟ್ಟೆಯ ಮೇಲಿನ ವಾಲ್ವ್ ರೇಡಿಯೋ ಮೂರು ನಾಲ್ಕು ವಾಟಿನಲ್ಲಿಯೇ ಮೂವತ್ತು ಜನರಿಗೆ ವಾರ್ತೆ ಕೇಳಿಸುತ್ತಿತ್ತು. ಅದರ ಸ್ಪೀಕರಿನ ಕಾಗದದ ಶಂಕು ಅಗಲವಾಗಿಯೂ ಹಗುರವಾಗಿಯೂ ಇತ್ತು.

ಹಾಗಾದರೆ ಸ್ಪೀಕರುಗಳು ಜಡವಾದದ್ದೇಕೆ? ಪುಟ್ಟ ಪೆಟ್ಟಿಗೆ, ಆಳವಾದ ಮಂದ್ರ, ಹೆಚ್ಚಿನ ಸಂವೇದನೆ, ಈ ಮೂರೂ ಒಂದೆಡೆ ಸಿಗುವುದಿಲ್ಲ. ಅಮೆರಿಕದ ಎಡ್ಗರ್ ವಿಲ್‌ಚರ್ ಎಂಬಾತ 1954ರಲ್ಲಿ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ಆಳವಾದ ಮಂದ್ರಸ್ವರ ಹೊರಡಿಸಿ ತೋರಿಸಿದ. ಬೆಲೆಯಾಗಿ ತೆತ್ತದ್ದು ಸಂವೇದನೆಯನ್ನು. ಮುಂದೆ ಟ್ರಾನ್ಸಿಸ್ಟರಿನಿಂದಾಗಿ ವಾಟು ಅಗ್ಗವಾಯಿತು. ಐವತ್ತು, ನೂರು ವಾಟು ಸುಲಭವಾಗಿ ದೊರೆಯುವಾಗ ಸ್ಪೀಕರ್ ಎಷ್ಟು ಉಂಡರೇನೆಂದು ಯಾರೂ ಚಿಂತಿಸಲಿಲ್ಲ. ಬಡ ಬೈಠಕ್ಕಿನಲ್ಲೂ ಜಾಗ ಉಳಿಯಿತೆಂಬುದು ಸಣ್ಣ ಲಾಭವಲ್ಲ. ಆದ್ದರಿಂದ ಹೊಸದನ್ನು ನಾನು ಜರೆಯಲಾರೆ. ವಾಲ್ವಿನ ದನಿಯಲ್ಲಿ ಏನೋ ದೈವಿಕವಿದೆ ಎನ್ನುವವರ ಮಾತನ್ನೂ ಒಪ್ಪಲಾರೆ. ಆ ಮಾಧುರ್ಯದಲ್ಲಿ ಒಂದು ಪಾಲು ವಾಲ್ವು ತಾನೇ ಬೆರೆಸುವ ಇನಿದಾದ ವಿಕಾರ, ಅಷ್ಟೆ.

ಗೆಳೆಯರು ಅಟ್ಟದಿಂದ ಹಳೆಯ ರೇಡಿಯೋಗ್ರಾಮಿನ ಎರಡು ಎಂಟಂಗುಲದ ಸ್ಪೀಕರುಗಳನ್ನು ಇಳಿಸಿದರು. 90ರ ಮೇಲಿನವು ಎಂದು ಅವರ ಅಂದಾಜು. ತೇಗದ ಪೆಟ್ಟಿಗೆಯಲ್ಲಿ ಕೂರಿಸಿ, ಅವುಗಳ ಓಮ್ ನೋಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಕ್ಕ ತುದಿಗೆ ತಂತಿ ಜೋಡಿಸಿಕೊಟ್ಟರು. ವಾಲ್ವಿಗೆ ಬೇಕಾದದ್ದು ಸಾವಿರಾರು ಓಮ್, ಸ್ಪೀಕರಿನದು ನಾಲ್ಕೋ ಎಂಟೋ. ನಡುವಣ ದುಭಾಷಿ ಈ ಟ್ರಾನ್ಸ್‌ಫಾರ್ಮರು. ಸ್ಪೀಕರ್ ಜೋಡಿಸದೆ ಆಂಪ್ಲಿಫೈಯರ್ ನಡೆಸಿದರೆ ಅದು ಸುಟ್ಟೀತು. ಇನ್ನು ಮುಚ್ಚಳ ತೆಗೆಯುವ ಆಸೆಯಂತೂ ಬೇಡ: ಒಳಗೆ ಇನ್ನೂರೈವತ್ತು ವೋಲ್ಟಿಗೂ ಮಿಕ್ಕ ವಿದ್ಯುತ್ತಿರುತ್ತದೆ, ಗುಂಡಿ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಅದು ಕಾದು ಕುಳಿತಿರುತ್ತದೆ. ನಾಲ್ಕು ದಶಕ ಕೈ ಪಳಗಿದ ಗೆಳೆಯರೇ ಒಂದು ಕೈಯನ್ನು ಬೆನ್ನ ಹಿಂದಿಟ್ಟು ಕೆಲಸ ಮಾಡುತ್ತಿದ್ದರು. ಮಗನ ಪೆಟ್ಟಿಗೆಗಳು ಈಗ ಅವನ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನೊಡನೆ ಸೊಗಸಾಗಿ ಹಾಡುತ್ತಿವೆ.

ಅಕ್ಕ ಊರಿಗೆ ಹೊರಡುವ ಹಿಂದಿನ ಸಂಜೆ, ಏನೂ ಹೇಳದೆ ಕ್ಯಾಸೆಟ್ಟು ಹಾಕಿದೆ. ಹಳೆಯ ಮನೆಯ ದಪ್ಪ ಗೋಡೆಗಳ ನಡುವೆ ಮೊದಲು ಕಲ್ಲಿನ ಗರಗರ ಎದ್ದಿತು, ಬೆನ್ನಿಗೆ ಅವ್ವನ ದನಿ. ಏರುವ ಕಡೆ ಏರಿತು, ಒಡೆಯಲಿಲ್ಲ. ತಿರುಪು ಅರ್ಧದಷ್ಟೂ ತಿರುಗಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ ಅಕ್ಕ ಅಲ್ಲೇ ನೆಲಕ್ಕೆ ಕುಳಿತಳು. ಎರಡನೆಯ ಪದದ ನಡುವೆ ಕಲ್ಲಿನ ಸದ್ದು ತುಸು ಬದಲಾಯಿತು. ನನಗೆ ಅದು ತಿಳಿಯಲಿಲ್ಲ. ಅಕ್ಕ ತನ್ನಷ್ಟಕ್ಕೆ ಎಂಬಂತೆ ಅಂದಳು: “ಕಲ್ಲು ಬರಿದಾಗ್ಯಾದ, ಕಾಳು ಹಾಕಬೇಕು.” ಮರುಗಳಿಗೆಯಲ್ಲಿ ಅವ್ವ ಹಾಡು ನಿಲ್ಲಿಸಿದಳು, ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಬಿದ್ದ ಸದ್ದು ಕೇಳಿಸಿತು.