ಸಮರಪರಶುರಾಮ ಚಾವುಂಡರಾಯ



ಗಂಗರಾಜ್ಯದ ದಂಡನಾಯಕನಾಗಿದ್ದ ಚಾವುಂಡರಾಯನ ಬಿರುದುಗಳು ಬರಿಯ ಹೊಗಳಿಕೆಯ ಮಾತುಗಳಲ್ಲ. ಹಲವುಗಳ ಹಿಂದೆ ಒಂದೊಂದು ಕಾಳಗವಿದೆ. ಕ್ರಿ.ಶ. 978ರ ‘ಚಾವುಂಡರಾಯ ಪುರಾಣ’ದಲ್ಲಿಯೇ ಅವುಗಳ ವಿವರ ದೊರೆಯುತ್ತದೆ. ಖೇಡಗದ ಯುದ್ಧದಲ್ಲಿ ವಜ್ಜಳನನ್ನು ಸೋಲಿಸಿ ಸಮರಧುರಂಧರನಾದನು. ನೊಳಂಬರೊಡನೆ ಗೋನೂರ ಬಯಲಿನಲ್ಲಿ ಹೋರಾಡಿ ವೀರಮಾರ್ತಂಡನಾದನು. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿ ರಣರಂಗಸಿಂಗನಾದನು. ಇವೆಲ್ಲ ಒಡೆಯನ ಕಾರ್ಯಗಳು.

‘ಸಮರಪರಶುರಾಮ’ ಎಂಬುದರ ಬಗೆಯೇ ಬೇರೆ. ರಾಯನ ತಮ್ಮನಾದ ನಾಗವರ್ಮನನ್ನು ಮುದುರಾಚಯನೆಂಬವನು ಕೊಂದನು. ಚಲದಂಕಗಂಗ, ಗಂಗರಭಟ ಎಂದು ಹೆಸರಾಂತಿದ್ದ ವೀರನವನು. ಅವನನ್ನು ಕೊಂದು ರಾಯನು ತಮ್ಮನ ಸೇಡನ್ನು ತೀರಿಸಿಕೊಂಡನು. ತಂದೆಯ ಕೊಲೆಗಾಗಿ ಕ್ಷತ್ರಿಯರನ್ನು ತರಿದ ಭಾರ್ಗವನ ಹೆಸರು ಆಗ ಅವನಿಗೆ ಸಂದಿತು.

ಅಣುವ್ರತಿಯಾದ ಶ್ರಾವಕನಿಗೆ ಈ ಬಿರುದು ಒಪ್ಪುವುದೇ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ. ಗೃಹಸ್ಥನಿಗೆ ವಿರೋಧೀ ಹಿಂಸೆ ಅನಿವಾರ್ಯವೆಂದು ಬಲ್ಲವರು ಸಮಾಧಾನ ಹೇಳುತ್ತಾರೆ. ಆದರೆ ಸೇಡು ಆ ಎಣಿಕೆಗೆ ಸೇರುವುದೆ? ರಾಯನಂತೂ ಅದನ್ನು ಮರೆಮಾಡಲಿಲ್ಲ. ತೀರ್ಥಂಕರರ ಚರಿತೆಯನ್ನು ಹೇಳುವ ಗ್ರಂಥದಲ್ಲಿಯೇ ಬರೆದಿಟ್ಟನು. ಕೆಲವೇ ವರ್ಷಗಳಲ್ಲಿ ಅವನೇ ವಿಂಧ್ಯಗಿರಿಯ ಮೇಲೆ, ಗೆದ್ದೂ ಅಣ್ಣನನ್ನು ಕೊಲ್ಲದೆ ಬಿಟ್ಟ ಬಾಹುಬಲಿಯನ್ನು ನಿಲ್ಲಿಸಿದನು.