ರವೆ ಡಬ್ಬದ ಚಿಟ್ಟೆ



ಮೊನ್ನೆ ನಮ್ಮ ಕತ್ರಿಗುಪ್ಪೆಯ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಮುಖ ಸಣ್ಣ ಮಾಡಿಕೊಂಡು ಬಂದರು. "ಯಾಕಕ್ಕಾ?" ಅಂತ ಕೇಳಿದೆವು. "ಎರಡು ಕೆ.ಜಿ. ರವೆ ಬಲೆ ಕಟ್ಟಿತ್ತು ಟೀಚರ್. ಎಲ್ಲಾ ಚೆಲ್ಲಿಬಿಟ್ಟೆ. ನಿಂಗೆ ಡಬ್ಬ ಚೊಕ್ಕವಾಗಿ ಇಡೋಕೆ ಬರಲ್ಲ ಅಂತ ಅತ್ತೆ ಬೈದರು" ಅಂದರು.

ತಪ್ಪು ಆ ಅಕ್ಕನದೇ? ಬನ್ನಿ, ನೋಡೋಣ.

ರವೆಯಲ್ಲಿ ಹುಳು ತಾನಾಗಿ ಹುಟ್ಟುತ್ತದೆ ಅಂತ ಹಲವರು ಹೇಳುತ್ತಾರೆ. ಅದು ನಿಜವಲ್ಲ. ತಾಯಿ ಇಲ್ಲದೆ ಮರಿ ಇಲ್ಲ. ಈ ಹುಳುವಿನ ತಾಯಿ ಒಂದು ಸಣ್ಣ ಚಿಟ್ಟೆ. ಅದರ ಹೆಸರು ಅಕ್ಕಿ ಪತಂಗ.

ನೀವು ಅದನ್ನು ನೋಡಿದ್ದೀರಿ. ಅಡುಗೆ ಮನೆಯ ಗೋಡೆ ಮೇಲೆ ಸುಮ್ಮನೆ ಕೂತಿರುತ್ತದೆ. ಬಣ್ಣ ಬೂದು ಕಂದು. ರೆಕ್ಕೆ ಮಡಚಿ ಕೂತರೆ ಭತ್ತದ ಕಾಳಿಗಿಂತ ಸ್ವಲ್ಪ ಉದ್ದ. ಮುಟ್ಟಿದರೆ ಬೆರಳಿಗೆ ಪುಡಿ ಅಂಟುತ್ತದೆ.

ಅಕ್ಕಿ, ರವೆ, ಜೋಳ, ಕಡಲೆಕಾಯಿ ಬೀಜ ಇರುವ ಕಡೆ ಇದು ಇರುತ್ತದೆ. ಗೋದಾಮು, ಗಿರಣಿ, ಅಂಗಡಿಯಲ್ಲೂ ಇರುತ್ತದೆ.

ಇದರ ಬಾಳಿನಲ್ಲಿ ನಾಲ್ಕು ಹಂತ.

ಮೊದಲು ಮೊಟ್ಟೆ. ಹೆಣ್ಣು ಪತಂಗ ರಾತ್ರಿ ಹೊತ್ತು ಮೊಟ್ಟೆ ಇಡುತ್ತದೆ. ನೂರಕ್ಕೂ ಹೆಚ್ಚು ಇಡುತ್ತದೆ. ಒಂದು ಮೊಟ್ಟೆ ಅರ್ಧ ಮಿಲಿಮೀಟರ್ ಅಷ್ಟೇ. ರವೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಆಮೇಲೆ ಹುಳು. 4–5 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಹುಳುವಿನ ಮೈ ಬಿಳಿ, ತಲೆ ಕಂದು. ಸುಮಾರು ಒಂದು ತಿಂಗಳು ಬರೀ ತಿನ್ನುತ್ತದೆ. ಬಾಯಿಂದ ಎಳೆ ಬಿಟ್ಟು ಕಾಳುಗಳನ್ನು ಅಂಟಿಸುತ್ತದೆ. ಅದೇ ನಾವು ಕಾಣುವ ಬಲೆ.

ಮೂರನೆಯದು ಕೋಶ. ಹುಳು ಕಾಳಿನ ನಡುವೆ, ಡಬ್ಬದ ಸಂದಿಯಲ್ಲಿ ಗೂಡು ಕಟ್ಟಿ ಮಲಗುತ್ತದೆ.

ಕೊನೆಗೆ ಪತಂಗ. ಸುಮಾರು ಹತ್ತು ದಿನಕ್ಕೆ ಗೂಡಿನಿಂದ ಹೊರಗೆ ಬರುತ್ತದೆ. ಅದು ಏನೂ ತಿನ್ನುವುದಿಲ್ಲ. ಮೊಟ್ಟೆ ಇಟ್ಟು ಕೆಲವು ದಿನಕ್ಕೆ ಸಾಯುತ್ತದೆ.

ಈಗ ಹೇಳಿ. ಕಣ್ಣಿಗೆ ಕಾಣದ ಮೊಟ್ಟೆ ಅಂಗಡಿಯಿಂದಲೇ ಬಂದಿರಬಹುದು. ಹಾಗಾದರೆ ಅಕ್ಕನನ್ನು ಬೈಯುವುದು ಸರಿಯೇ?

ಆದರೆ ನಾವು ತಡೆಯಬಹುದು. ರವೆ ತಂದ ದಿನವೇ ಬೆಚ್ಚಗೆ ಹುರಿಯಿರಿ. ಮೊಟ್ಟೆ ಸಾಯುತ್ತದೆ. ಆರಿಸಿ, ಬಿಗಿ ಮುಚ್ಚಳದ ಡಬ್ಬಕ್ಕೆ ಹಾಕಿ. ನಮ್ಮ ಅಜ್ಜಿಯರು ಹುರಿದಿಟ್ಟದ್ದು ಸುಮ್ಮನೆ ಅಲ್ಲ! ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಡಬ್ಬ ತೊಳೆದು ಒಣಗಿಸಿ. ಶೆಲ್ಫಿನ ಸಂದಿಗಳನ್ನು ಒರೆಸಿ.

ಒಂದು ಮಾತು ಮರೆಯಬೇಡಿ. ಗೋದಾಮಿನಲ್ಲಿ ಕಾಳಿಗೆ ಇಡುವ ವಿಷದ ಗುಳಿಗೆಯನ್ನು ಮನೆಗೆ ತರಲೇಬೇಡಿ. ತೇವ ತಾಗಿದರೆ ಅದರಿಂದ ವಿಷದ ಗಾಳಿ ಬರುತ್ತದೆ. ಮನೆಮಂದಿಯ ಜೀವವೇ ಹೋಗಬಹುದು.

ಇನ್ನೊಂದು ಸೋಜಿಗ ಕೇಳಿ. ಈ ಪತಂಗವನ್ನು ಬೇಕೆಂದೇ ಸಾಕುವವರೂ ಇದ್ದಾರೆ! ಇದರ ಮೊಟ್ಟೆಯೊಳಗೆ ಟ್ರೈಕೋಗ್ರಾಮ ಎಂಬ ಪುಟಾಣಿ ಕಣಜ ಬೆಳೆಯುತ್ತದೆ. ಅಂಥ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ ಕಬ್ಬಿನ ಗದ್ದೆಯಲ್ಲಿ ಕಟ್ಟುತ್ತಾರೆ. ಕಣಜಗಳು ಹೊರಗೆ ಬಂದು ಕಬ್ಬು ಕೊರೆಯುವ ಹುಳುವನ್ನು ಮೊಟ್ಟೆಯಲ್ಲೇ ಮುಗಿಸುತ್ತವೆ. ರೈತರಿಗೆ ಔಷಧಿ ಖರ್ಚು ಉಳಿಯುತ್ತದೆ. ಇಂಥ ಉಪಕಾರಿ ಕೀಟಗಳ ಕೆಲಸಕ್ಕೆ ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ದೊಡ್ಡ ಸಂಸ್ಥೆ ಇದೆ.

ಇವತ್ತು ಮನೆಗೆ ಹೋಗಿ ಡಬ್ಬಗಳನ್ನು ನೋಡಿ. ರವೆ ತಂದ ತಾರೀಕನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸಿ. ಈಗ ನಿಮಗೆ ಬರೆಯಲು ಬರುತ್ತದಲ್ಲ!